ಕುಂಬಳಕಾಯಿ ಸೂಪು, ಒಂದೇ ಗುಟುಕು ವೈನು

ನಿಜ ಹೇಳುವಾಗಲೇ ನನ್ನ ಮುಖ ಸುಳ್ಳುಗಾರನ ಮುಖದಂತೆ ಕಾಣುತ್ತದೆ. ಸುಳ್ಳು ಹೇಳುವಾಗ ಹೇಗೆ ಕಾಣುತ್ತದೋ ತಿಳಿಯದು. ಆಗ ಕನ್ನಡಿ ನೋಡುವ ಧೈರ್ಯ ನನಗಿರುವುದಿಲ್ಲ.

ಬಾದಾಮಿಯ ಒಂದು ಹೋಟೆಲಿನ ಕೌಂಟರಿನಲ್ಲಿ ನನ್ನ ಕೆಲಸ. ಮೊನ್ನೆ ಗುಹೆ ನೋಡಲು ಬಂದ ಪರದೇಶದ ಅತಿಥಿಗಳಿಗಾಗಿ ನಮ್ಮ ಅಡುಗೆಭಟ್ಟ ಸಂತೋಷ ಬಟರ್‌ನಟ್ ಎಂಬ ಕುಂಬಳಕಾಯಿ ತರಿಸಿ ಸೂಪು ಮಾಡಿದ್ದ. ಸೋರೆಕಾಯಿಯ ಮೈಕಟ್ಟು, ಸಿಹಿಗುಂಬಳದ ರುಚಿ. ಹುಟ್ಟಿನಲ್ಲೇ ಏನೋ ಮೋಸವಿದ್ದಂತೆ ಕಾಣುವ ಕಾಯಿ. ಅವನು ಮೂಗು ಒರೆಸುತ್ತ ನನ್ನನ್ನು ಒಳಗೆ ಕರೆದ.

"ಸರ, ನೆಗಡಿ ಆಗಿ ನನಗ ರುಚೀನ ತಿಳೀವಲ್ದು. ಈ ಸೂಪಿಗೆ ಬಿಳಿ ವೈನ್ ಹೊಂದತೈತೋ, ಕೆಂಪೋ, ನೀವ ಹೇಳ್ರಿ."

"ನಾ ಕುಡಿಯಂಗಿಲ್ಲೋ ಮಾರಾಯ!"

"ಅದಕ್ಕ ನಿಮ್ಮನ್ನ ಕೇಳಾಕತ್ತೇನ್ರಿ. ರೂಢಿ ಇದ್ದವ್ರು ಎರಡೂ ಚಲೋ ಅಂತಾರ."

ಯಾರಾದರೂ ವಿಡಿಯೋ ಮಾಡಲು ಮೊಬೈಲು ಹಿಡಿದು ಕೂತಿದ್ದಾರೆಯೇ ಎಂದು ಬಾಗಿಲ ಹಿಂದೆ ಇಣುಕಿದೆ, ಮೇಜಿನ ಕೆಳಗೂ ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ಆಮೇಲೆ ಕರ್ತವ್ಯ ಮುಗಿಸಿ, ಬಸ್ಸು ಹತ್ತಿ ಕುಳಗೇರಿ ಕ್ರಾಸಿನ ಮನೆಗೆ ಬಂದೆ.

ಬಾಗಿಲು ತೆರೆದ ಮಹಾದೇವಿ ಇಳಕಲ್ ಸೀರೆಯ ಸೆರಗನ್ನು ಮೂಗಿಗೆ ಹಿಡಿದಳು. "ಏನ್ರಿ ಇದು ವಾಸನಿ?"

"ಕುಂಬಳಕಾಯಿ ಸೂಪಿಗೆ ಯಾವ ವೈನ್ ಹೊಂದತೈತಿ ಅಂತ ಒಂದ ಗುಟುಕು ನೋಡಿದೆ."

ನನ್ನ ಹೆಂಡತಿ ನನ್ನನ್ನೂ ನನ್ನ ಹಣೆಯ ವಿಭೂತಿಯನ್ನೂ ಬೇರೆ ಬೇರೆಯಾಗಿ ನೋಡಿದಳು. "ಕುಡದವ್ರು ಸೇಂಗಾ ತಿಂತಾರಂತ ಕೇಳೇನಿ. ಮಿರ್ಚಿ ಭಜಿ ತಿಂತಾರಂತ ಕೇಳೇನಿ. ಕುಂಬಳಕಾಯಿ? ಸುಳ್ಳು ಹೇಳೂದಾದ್ರ ನಂಬೂ ಹಂಗರ ಹೇಳ್ರಿ."

ಆ ರಾತ್ರಿ ನನ್ನ ಹಾಸಿಗೆ ಪಡಸಾಲೆಗೆ ಬಂತು. ಮರುದಿನ ನನಗೆ ರಜೆ. ಅವಳೇ ಸ್ಕೂಟರಿನ ಹಿಂದೆ ಬಂದು ಕೂತು, "ನಡೀರಿ, ನಿಮ್ಮ ಕುಂಬಳಕಾಯಿ ನೋಡೂಣು" ಎಂದಳು. ಜೀವನದಲ್ಲಿ ಒಮ್ಮೆಯಾದರೂ ನನ್ನ ಕಡೆ ಸಾಕ್ಷಿಯಿದೆಯಲ್ಲ ಎಂದು ನಾನು ದಾರಿಯುದ್ದಕ್ಕೂ ಹಾಡು ಗುನುಗಿದೆ.

ಸಂತೋಷ ಹೆಚ್ಚಿಟ್ಟ ಕಾಯಿ ತೋರಿಸಿದ, ಸೂಪು ಕುಡಿಸಿದ, ಬಾಟಲಿಗಳನ್ನು ಸಾಲಾಗಿ ಮುಂದಿಟ್ಟ. ಮಹಾದೇವಿಯ ಮುಖ ಮೆಲ್ಲಗೆ ಸಡಿಲಾಯಿತು. "ಖರೇನ ಐತಲ್ರಿ!" ಎಂದವಳ ದನಿಯಲ್ಲಿ ಅರ್ಧ ಕ್ಷಮೆ ಇತ್ತು. ಆ ಅರ್ಧವನ್ನೇ ಕಟ್ಟಿಕೊಂಡು ನಾನು ಹೊರಡಬೇಕಿತ್ತು. ಉಳಿದರ್ಧದ ಆಸೆಗೆ ನಿಂತೆ.

"ಅಕ್ಕಾರ, ಸರ್ ಭಾಳ ಚಲೋತ್ನ್ಯಾಗ ನೋಡಿದ್ರು," ಎಂದ ಸಂತೋಷ, ತುಂಬು ಅಭಿಮಾನದಿಂದ. "ಮೊದಲನೇ ಗ್ಲಾಸಿಗೆ ಏನೂ ಹೇಳಲಿಲ್ಲ. ಮೂರನೇದು ಮುಗಿದ ಮ್ಯಾಲೆ, ಬಿಳೀದ ಹೊಂದತೈತಿ ಅಂದ್ರು!"

ಅವಳು ನಗುತ್ತಲೇ ಅವನಿಗೆ ನಮಸ್ಕಾರ ಹೇಳಿದಳು. ಆ ನಗುವೇ ನನಗೆ ಹೆದರಿಕೆ ಹುಟ್ಟಿಸಿತು. ಸ್ಕೂಟರು ಊರು ದಾಟಿತು. ಆಮೇಲೆ ಬೆನ್ನ ಹಿಂದಿನಿಂದ ಮೆತ್ತಗೆ ಕೇಳಿದಳು: "ಅಷ್ಟು ರುಚಿ ಇತ್ತೇನ್ರಿ?"

"ಛೇ, ಬರೇ ಹುಳಿ."

"ಮತ್ತ ಮೂರು ಗ್ಲಾಸು?"

ನಾನು ಜೋರಾಗಿ ಹಾರ್ನ್ ಹೊಡೆದೆ. ಎದುರಿನ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.