ಮಾಮನ ಮೂರು ಟಿವಿಗಳು ಕೂಡಿ ಹಾಡಿದ್ದು

ನಮ್ಮ ಮಾಮನಿಗೆ ಮೂವರು ಅಕ್ಕಂದಿರು, ಮೂರು ಟಿವಿ. ಹೇಳಿದ ಮಾತು ಕೇಳುವ ಗುಣ ಟಿವಿಗಳಿಗಾದರೂ ಇದ್ದೀತು ಎಂದು ನಂಬಿದ್ದೇ ಆತ ಮಾಡಿದ ತಪ್ಪು!

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟಿರಬಹುದು. ಡೈರಿಯಲ್ಲಿ ಬರೆದಿದ್ದೇನೆ ನಿಜ, ಆದರೆ ಎಲ್ಲ ಮುಗಿದು ಎರಡು ದಿನವಾದ ಮೇಲೆ. ಅಷ್ಟರಲ್ಲಿ ಮಾಮ ಇದೇ ಕಥೆಯನ್ನು ನನಗೆ ನಾಲ್ಕು ಸಲ ಹೇಳಿಯಾಗಿತ್ತು. ಯಾವುದು ನಾನು ಕಂಡದ್ದು, ಯಾವುದು ಆತ ಹೇಳಿದ್ದು? ಈಗ ಬಿಡಿಸಲು ಕುಳಿತರೆ ಎರಡೂ ಒಂದೇ ಬಣ್ಣದ ದಾರ.

ಅಫಜಲಪುರದಲ್ಲಿ ಮಾಮನ ಟಿವಿ ರಿಪೇರಿ ಅಂಗಡಿ. ಅಕ್ಕಂದಿರಲ್ಲಿ ದೊಡ್ಡವ್ವ ಜೇವರ್ಗಿಯಲ್ಲಿ, ನನ್ನ ಅವ್ವ ಆಳಂದದಲ್ಲಿ, ಸಣ್ಣವ್ವ ಕರಜಗಿಯಲ್ಲಿ. ಮನೆಯಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಈ ಮೂವರೇ ಕೂಡಿ ಜೋಗುಳ ಹಾಡಬೇಕು. ಅವ್ವ ಒಂದು ಸಾಲು ಎತ್ತುತ್ತಾಳೆ, ದೊಡ್ಡವ್ವ ಅದನ್ನೇ ತಿರುಗಿ ಹಾಡುತ್ತಾಳೆ, ಕೊನೆಗೆ ಸಣ್ಣವ್ವನ "ಜೋ ಜೋ". ಮೊದಲು ಹಾಡಿಸಿಕೊಂಡವನು ಮಾಮನೇ. ಆಗ ಮೂವರೂ ಲಂಗದ ಹುಡುಗಿಯರು.

ಆದರೆ ಈಗ ಎಷ್ಟೋ ವರ್ಷದಿಂದ ಅವ್ವನಿಗೂ ದೊಡ್ಡವ್ವನಿಗೂ ಮಾತಿಲ್ಲ. ಜಗಳದ ಮೂಲ ನಮ್ಮ ಆಯಿ, ಅಂದರೆ ಅವರ ಅವ್ವ, ಹಳೆ ಸೀರೆಗಳಿಂದ ಹೊಲಿದ ಕೌದಿ ಎಂದು ನನ್ನ ನೆನಪು. "ಕೌದಿ ಅಲ್ಲ ಬೇ, ಶೇಂಗಾ ಹೋಳಿಗಿ," ಅನ್ನುತ್ತಾಳೆ ಸಣ್ಣವ್ವ. ಇಂಥ ಯುದ್ಧಕ್ಕೆ ಈ ಎರಡು ಕಾರಣ ಸೇರಿದರೂ ಸಾಲದಲ್ಲವೇ!

ಮಾಮನಿಗೆ ಮೊಮ್ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯಕ್ಕೆ ಕರೆಯಲು ಫೋನ್ ಮಾಡಿದ.

"ಅಕಿ ಬಂದ್ರ ನಾ ಬರಂಗಿಲ್ಲ," ಎಂದಳು ಅವ್ವ.

"ಅಕಿ ಬರಲಿ ಬಿಡು, ನಾ ಬರಂಗಿಲ್ಲ," ಎಂದಳು ದೊಡ್ಡವ್ವ. ಹಿರಿಯಳಲ್ಲವೇ, ಉದಾರಿ!

"ಹಂಗಾರ ಯಾರೂ ಬರಬ್ಯಾಡ್ರಿ. ಟಿವಿ ಬರ್ತಾವ," ಎಂದ ಮಾಮ. "ನನ್ನ ಮೊಮ್ಮಗಳು ಹಾಡಿಲ್ಲದ ತೊಟ್ಟಿಲದಾಗ ಮಲಗಂಗಿಲ್ಲ."

ಒಬ್ಬೊಬ್ಬರನ್ನು ಅವರವರ ಮನೆಯಲ್ಲೇ ಹಾಡಿಸಿ ವಿಡಿಯೋ ಮಾಡುವುದು, ತೊಟ್ಟಿಲ ಸುತ್ತ ಮೂರು ಟಿವಿ ಇಟ್ಟು ಮೂವರನ್ನೂ ಕೂಡಿಯೇ ಹಾಡಿಸುವುದು. ಇದು ಯೋಜನೆ.

ಮೊದಲು ಅಂಗಡಿಯಲ್ಲಿ ಪರೀಕ್ಷೆ. ಯಾರದೋ ಮದುವೆಯ ಊಟದ ವಿಡಿಯೋವನ್ನು ಮೂರು ಪೆನ್‌ಡ್ರೈವಿಗೆ ಹಾಕಿ ಮೂರು ಟಿವಿಗೆ ಚುಚ್ಚಿದ. ನಾನು, ಮಾಮ, ಮಾಮನ ಹೆಂಡತಿ ಅತ್ತಿ ಒಂದೊಂದು ರಿಮೋಟ್ ಹಿಡಿದು ನಿಂತೆವು. "ಒಂದ, ಎರಡ, ಮೂರ!" ಅತ್ತಿ 'ಮೂರ' ಅನ್ನುವಾಗ ಒತ್ತಿದಳು. ನಾನು 'ಮೂರ' ಮುಗಿದ ಮೇಲೆ ಒತ್ತಿದೆ. ಮಾಮ ಎಣಿಸುವ ಭರದಲ್ಲಿ ಒತ್ತುವುದನ್ನೇ ಮರೆತ! ಸಾಲದ್ದಕ್ಕೆ ಎರಡು ಟಿವಿ ಒಂದೇ ಕಂಪನಿಯವು. ಒಂದನ್ನು ಶುರು ಮಾಡಹೋದರೆ ಇನ್ನೊಂದು ನಿಲ್ಲುತ್ತಿತ್ತು. ಹೇಗೋ ಕೂಡಿ ಹೊರಟರೂ ಹತ್ತು ನಿಮಿಷಕ್ಕೆ ಒಂದು ಮುಂದೆ, ಒಂದು ಹಿಂದೆ. ವಿಡಿಯೋದಲ್ಲಿ ಪಂಕ್ತಿಗೆ ಕುಳಿತ ಮುದುಕನೊಬ್ಬ ಒಂದೇ ಹೋಳಿಗೆಯನ್ನು ಮೂರು ಸಲ ಬಾಯಿಗಿಡುತ್ತಿದ್ದ.

"ಈಗ ಖರೇ ಅಕ್ಕ-ತಂಗೇರ ಆದವು ನೋಡ್ರಿ!" ಎಂದಳು ಅತ್ತಿ.

ಮಾಮ ಬಿಡುವವನೇ? ಎಲ್ಲಿಂದಲೋ ವಿಡಿಯೋ ಓಡಿಸುವ ಸಣ್ಣ ಪೆಟ್ಟಿಗೆಗಳನ್ನು ತರಿಸಿದ. ತಂತಿಯಿಂದ ಒಂದಕ್ಕೊಂದು ಜೋಡಿಸಿದರೆ ಒಂದು ಪೆಟ್ಟಿಗೆ ಮುಂದಾಳು, ಉಳಿದವು ಅದರ ಹೊತ್ತು ನೋಡಿಕೊಂಡು ಹಿಂದೆ ಓಡುತ್ತವೆ. ಸಣ್ಣವ್ವನ ಬಾಯಿಂದ ಈ ಸುದ್ದಿ ಸಂಜೆಯೊಳಗೆ ಎರಡೂ ಊರು ಮುಟ್ಟಿತು.

"ನಾ ಹಿರೇಕಿ. ನನ್ನ ಪೆಟ್ಟಿಗಿ ಅಕಿ ಪೆಟ್ಟಿಗಿ ಹಿಂದ ಓಡಬೇಕೇನಲೇ ತಮ್ಮಾ?"

"ಹಾಡು ಎತ್ತಾಕಿ ನಾನು. ನಂದು ಮುಂದಿಲ್ಲಂದ್ರ ನನ್ನ ಹಾಡೇ ಬ್ಯಾಡ."

ಮಾಮ ಒಂದು ದಿನ ಅನ್ನ ಬಿಟ್ಟು ಯೋಚಿಸಿದ. ಅತ್ತಿಯ ಪ್ರಕಾರ ಬಿಟ್ಟದ್ದು ಅನ್ನ ಮಾತ್ರ, ರೊಟ್ಟಿ ತಿಂದಿದ್ದ. ಮರುದಿನ ನಾಲ್ಕನೆಯ ಪೆಟ್ಟಿಗೆ ತಂದ. ಅದಕ್ಕೆ ಟಿವಿಯೇ ಇಲ್ಲ! ಉಳಿದ ಮೂರಕ್ಕೂ ಹೊತ್ತು ಹೇಳುವುದೊಂದೇ ಅದರ ಕೆಲಸ. "ಇದಕ್ಕ ಅಕ್ಕನೂ ಇಲ್ಲ, ತಂಗಿನೂ ಇಲ್ಲ. ಎಲ್ಲಾರೂ ಇದರ ಮಾತು ಕೇಳ್ರಿ," ಎಂದ. ಮೂರು ಟಿವಿಯ ಮುದುಕರೂ ಒಂದೇ ಸಲಕ್ಕೆ ಹೋಳಿಗೆ ಕಚ್ಚಿದರು.

ಇನ್ನು ಹಾಡು. ಮೂವರ ಲಯ ಒಂದಾಗಬೇಕಲ್ಲ? ಮಾಮ ಹಳೆಯ ತೊಟ್ಟಿಲನ್ನೇ ಬಸ್ಸಿಗೆ ಏರಿಸಹೋದ.

"ಕೂಸು ಎಲ್ಲದರಿ?" ಎಂದ ಕಂಡಕ್ಟರ್.

"ಮನ್ಯಾಗ ಅದರಿ. ತೊಟ್ಟಿಲಷ್ಟೇ ಜೇವರ್ಗಿಗೆ ಹೊಂಟದ."

ಕೆಳಗಿಳಿಸಿದರು. ಮನೆಗೆ ಬಂದು ತೊಟ್ಟಿಲು ತೂಗಿ ಅದರ 'ಕಿರ್ರ್... ಕಿರ್ರ್' ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡ. ಊರೂರು ಸುತ್ತಿ, ಅಕ್ಕಂದಿರ ಕಿವಿಗೆ ಆ ಸದ್ದು ಹಾಕಿ ಹಾಡಿಸಿದ. ಆಳಂದದಲ್ಲಿ ನಾನೂ ಇದ್ದೆ. "ಮೊದಲ ಒಂದು ಚಪ್ಪಾಳಿ ಹೊಡಿ. ಆಮ್ಯಾಲ ಎಲ್ಲಾ ಸಾಲೂ ನೀನೇ ಹಾಡು. ಯಾರ ದಾರಿನೂ ಕಾಯಬ್ಯಾಡ," ಎಂದು ಅವ್ವನಿಗೆ ತಾಕೀತು ಮಾಡಿದ. ಬೇರೆ ಸದ್ದು ಸೇರಬಾರದೆಂದು ವಿಡಿಯೋ ಹಚ್ಚಿಟ್ಟು, ಬಾಗಿಲು ಮುಚ್ಚಿ, ನನ್ನನ್ನೂ ಕರೆದುಕೊಂಡು ಅಂಗಳಕ್ಕೆ ನಡೆದ.

ಕಾರ್ಯದ ಹಿಂದಿನ ದಿನ ಅವ್ವನ ವಿಡಿಯೋ ಹಚ್ಚಿ ನೋಡಿದವನೇ ಕೂಗಿದ: "ನಡುನಡುವ ಸುಮ್ಮ ಕುಂತಾಳಲ್ಲ! ಸಾಲು ಮರ್ತಾಳ!" ಫೋನ್ ಹಚ್ಚಿದರೆ ಅವ್ವ ಸಿಡುಕಿದಳು: "ಒಂದು ಅಕ್ಷರ ಬಿಟ್ಟಿಲ್ಲ. ಬರೋಬ್ಬರಿ ಹಾಡೇನಿ." ತಿದ್ದಲು ಹೊತ್ತಿರಲಿಲ್ಲ. ಉಳಿದೆರಡನ್ನು ನೋಡುವುದಕ್ಕೂ ಆಗಲಿಲ್ಲ.

ಮರುದಿನ ಕೂಸು ಕಿರುಚುತ್ತಿತ್ತು. ಮನೆ ತುಂಬ ಹೆಂಗಸರು. ಒಂದು ಟಿವಿ ಕಪಾಟಿನ ಮೇಲೆ, ಒಂದು ಹೊಲಿಗೆ ಯಂತ್ರದ ಮೇಲೆ, ಒಂದು ಜೋಳದ ಚೀಲದ ಮೇಲೆ. ಮಾಮ ಗುಂಡಿ ಒತ್ತಿದ. ಮೂರು ಚಪ್ಪಾಳೆ ಒಂದೇ ಚಪ್ಪಾಳೆಯಾಗಿ ಕೇಳಿಸಿತು. ಅವ್ವ ಒಂದು ಸಾಲು ಹಾಡಿ ಸುಮ್ಮನಾದಳು. ಮಾಮ ಹಣೆಗೆ ಕೈ ಹಚ್ಚಿದ. ಆಗ ಜೋಳದ ಚೀಲದ ಮೇಲಿಂದ ದೊಡ್ಡವ್ವ ಅದೇ ಸಾಲನ್ನು ಎತ್ತಿಕೊಂಡಳು. ಮುಗಿಸಿ ಅವಳೂ ಸುಮ್ಮನಾದಳು. ಸಣ್ಣವ್ವ "ಜೋ ಜೋ" ಅಂದಳು. ಅವ್ವ ಮುಂದಿನ ಸಾಲಿಗೆ ಬಾಯಿ ತೆರೆದಳು. ಕಡೆಯ ನುಡಿಯವರೆಗೂ ಹಾಗೇ. ಅವಳಿಲ್ಲದ ಮನೆಯಲ್ಲಿ ಇವಳು, ಇವಳಿಲ್ಲದ ಮನೆಯಲ್ಲಿ ಅವಳು, ಒಬ್ಬರಿಗೊಬ್ಬರು ಜಾಗ ಬಿಟ್ಟು ಹಾಡಿದ್ದರು.

ಮಾಮ ರಿಮೋಟ್ ಹಿಡಿದೇ ನಿಂತಿದ್ದ. "ಇದು ನಾ ಮಾಡಿದ್ದಲ್ಲ ಬೇ," ಎಂದ, ಮೆಲ್ಲಗೆ.

ಆಳಂದಕ್ಕೆ ಬಂದು ಅವ್ವನಿಗೆ ಫೋನಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. "ಕೂಸು ಮಲಗ್ತೇನು?" ಎಂದಷ್ಟೇ ಕೇಳಿದಳು. ಮಲಗಿತು ಎಂದೆ. ಆಮೇಲೆ ನಾನೊಂದು ಕೇಳಿದೆ.

"ಅವ್ವಾ, ಒಂದೊಂದು ಸಾಲು ಮುಗಿಸಿ ಅಷ್ಟಷ್ಟು ಹೊತ್ತು ಯಾರ ದಾರಿ ಕಾದಿ?"