ಗೊರೇಬಾಳದ ಗದ್ದೆಗೆ ಆಕಾಶದಿಂದ ಬಿದ್ದವನು

ತನಗೆ ಅರ್ಥವಾಗದ್ದನ್ನು ಇನ್ನೊಬ್ಬರಿಗೆ ಅರ್ಥ ಮಾಡಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ನನಗಿದೆ. ಸಿಂಧನೂರಿನಲ್ಲಿ ಹದಿನೆಂಟು ವರ್ಷದಿಂದ ಹಳಗನ್ನಡ ಪಾಠ ಮಾಡುತ್ತಿರುವ ಮಾಸ್ತರ ನಾನು. ಆದ್ದರಿಂದ ವಿಜ್ಞಾನದ ಮೇಡಂ ರಜೆ ಹಾಕಿದಾಗ, ಒಂಬತ್ತನೆಯ ತರಗತಿಯ ಅವರ ಪಿರಿಯಡ್ಡನ್ನು ಹೆಡ್‌ಮಾಸ್ತರರು ನನಗೆ ಕೊಟ್ಟರೆ ನಾನು ಬೇಡವೆನ್ನಲಿಲ್ಲ. ಹಿಂದಿನ ದಿನವಷ್ಟೇ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಒಬ್ಬ ಮನುಷ್ಯ ದೊಡ್ಡ ಬಲೂನಿನಲ್ಲಿ ಆಕಾಶ ಕಪ್ಪಗಾಗುವಷ್ಟು ಮೇಲೆ ಹೋಗಿ, ಅಲ್ಲಿಂದ ಹಾರಿ, ಕೊನೆಗೆ ಪ್ಯಾರಾಚೂಟ್ ಬಿಚ್ಚಿ ನೆಲಕ್ಕೆ ಬಂದು ನಿಲ್ಲುತ್ತಾನೆ. ಅದನ್ನೇ ಹೇಳಿದೆ. ಎತ್ತರ ಎಷ್ಟೆಂದು ತಿಳಿಯಲು, ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ದಾರಿಯ ಮುಕ್ಕಾಲು ಪಾಲನ್ನು ಎತ್ತಿ ನೆಟ್ಟಗೆ ನಿಲ್ಲಿಸಿರಿ ಎಂದೆ. ಬಸ್ಸಿಗೆ ಒಂದು ತಾಸು ಹಿಡಿಯುವ ಆ ದಾರಿಯನ್ನು ಅವನು ಚಹಾ ಆರುವಷ್ಟರಲ್ಲಿ ಇಳಿದ, ಅದೂ ಸ್ವಲ್ಪ ಹೊತ್ತು ಶಬ್ದದ ವೇಗಕ್ಕಿಂತ ಜೋರಾಗಿ ಎಂದೆ. ಗೊರೇಬಾಳದಿಂದ ಬರುವ ಸಬಿಹಾ ಎದ್ದು ನಿಂತು, "ಹಂಗಾದ್ರ ಸರ್, ಅವ ಬೀಳೋವಾಗ ಚೀರಿದ್ರ, ಆ ಚೀರಿದ್ದು ಅವನ ಹಿಂದಿಂದ ಬರ್ತೈತೇನ್ರಿ?" ಎಂದಳು. ಬಹಳ ಯೋಚಿಸಿ, ಅದು ಪರೀಕ್ಷೆಗೆ ಬರುವುದಿಲ್ಲ ಎಂದೆ.

ಮರುದಿನ ಭಾನುವಾರ. ಬೆಳಿಗ್ಗೆ ಮಂಡಾಳ ಒಗ್ಗರಣೆ, ಮಿರ್ಚಿಯ ತಟ್ಟೆಯ ಮುಂದೆ ಕೂತಿದ್ದಾಗ ಸಬಿಹಾಳ ತಂದೆ ಮಹಬೂಬ ಸಾಬರ ಫೋನು ಬಂತು. "ಸರ್ರ, ನಮ್ಮ ಗದ್ದ್ಯಾಗ ಪ್ಯಾರಾಚೂಟ್ ಬಿದ್ದೈತ್ರಿ. ಮನಷ್ಯಾ ಸಿಗವಲ್ಲ. ಹುಡುಕಾಕತ್ತೀವಿ. ನಿನ್ನೆ ನೀವs ಹೇಳಿದ್ರಂತಲ್ಲ, ನೀವೊಮ್ಮೆ ಬರ್ರಿ."

ನನ್ನ ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು. ಹಾಗೆ ಹಾರುವವರು ನಮ್ಮ ಕಡೆ ಬೀಳುವುದುಂಟೇ ಎಂದು ಒಂದು ಮನಸ್ಸು ಹೇಳಿದರೆ, ಗಾಳಿಗೆ ಗೊರೇಬಾಳ ಯಾವುದು, ಅಮೆರಿಕ ಯಾವುದು ಎಂದು ಇನ್ನೊಂದು ಮನಸ್ಸು ಕೇಳಿತು. ಹೆಂಡತಿ ಗಿರಿಜಾ, "ಅದರ ಮ್ಯಾಲ ಏನರ ಬರದಿರ್ತೈತಿ, ಮೊದ್ಲು ಓದ್ರಿ" ಎಂದಳು. ಅದನ್ನು ಕೇಳಿಸಿಕೊಳ್ಳುವ ಹೊತ್ತಿಗೆ ನಾನು ಹೆಲ್ಮೆಟ್ ಹಾಕಿಯಾಗಿತ್ತು.

ಗದ್ದೆಯ ಬದುವಿನ ಹತ್ತಿರ ಹರಿದ ರಬ್ಬರಿನ ಚೂರು, ಉದ್ದನೆಯ ದಾರ, ಮಕ್ಕಳ ಛತ್ರಿಯಷ್ಟಗಲದ ಬಟ್ಟೆ, ಕೆಸರಿನಲ್ಲಿ ಬೋರಲು ಬಿದ್ದ ಬಿಳಿ ಡಬ್ಬಿ. ಪೊಲೀಸರು ಬರುವವರೆಗೆ ಯಾರೂ ಮುಟ್ಟಬಾರದೆಂದು ಮಹಬೂಬ ಸಾಬರು ತಾಕೀತು ಮಾಡಿದ್ದರು. ಅಷ್ಟು ಸಣ್ಣ ಬಟ್ಟೆ ಒಂದು ಕೋಳಿಯನ್ನಾದರೂ ಇಳಿಸೀತೇ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಏಕೆಂದರೆ ಹತ್ತಿಪ್ಪತ್ತು ಜನ ಗದ್ದೆಯ ತುಂಬ ಹುಡುಕುತ್ತಿದ್ದರು. ಅಷ್ಟು ಜನ ಹುಡುಕುವಾಗ ಮನುಷ್ಯ ಇರಲೇಬೇಕೆಂದು ಅನ್ನಿಸಿಬಿಡುತ್ತದೆ. ಕೊಯ್ಲಿಗೆ ಬಂದ ಭತ್ತ ಅವರ ಕಾಲಡಿಯಲ್ಲಿ ಮಲಗುತ್ತಿತ್ತು. "ಬೆಳಿ ಹಾಳಾಗ್ತೈತಲ್ರಿ" ಎಂದೆ. "ಹಾಳಾಗ್ಲಿ ಬಿಡ್ರಿ. ಯಾರ ತಾಯಿ ಮಗನೋ ಏನೋ, ನೀರಿಗೆ ಬಾಯಿ ಬಿಡಾಕತ್ತಿದ್ರ?" ಎಂದು ಅವರು ಒಳಗೆ ನಡೆದೇಬಿಟ್ಟರು.

ನಾನೂ ಸೊಂಟ ಬಗ್ಗಿಸಿದೆ. ಬಿದ್ದವನು ಪರದೇಶದವನೇ ಇರಬೇಕೆಂದು, "ಹಲೋ ಸರ್, ವೇರ್ ಆರ್ ಯು?" ಎಂದು ಇಂಗ್ಲಿಷಿನಲ್ಲಿ ಕೂಗುತ್ತ ಬದುವಿನ ಮೇಲೆ ಹೊರಟೆ. ಹೆಲ್ಮೆಟ್ ತೆಗೆಯುವುದು ಮರೆತೇಹೋಗಿತ್ತು. ಕಾಲು ಜಾರಿತು. ಮೊಳದೆತ್ತರದ ಬದುವಿನಿಂದ ಬಸಿಗಾಲುವೆಯ ಕೆಸರಿಗೆ ಉದ್ದಕ್ಕೆ ಬಿದ್ದೆ. ಏಳುವುದರೊಳಗೆ ಹೆಣ್ಣಾಳು ದುರುಗಮ್ಮ ಓಡಿ ಬಂದಳು. "ಸಿಕ್ಕಾನ ಬರ್ರಿ ಯಪ್ಪಾ, ಇಲ್ಲಿ ಅದಾನ. ಜೀವ ಐತಿ." ನಾಲ್ಕು ಜನ ನನ್ನನ್ನು ಎತ್ತಿ ಬದುವಿಗೆ ಒರಗಿಸಿದರು. ಒಬ್ಬರು ಅಂಗಾಲು ತಿಕ್ಕಿದರು, ಇನ್ನೊಬ್ಬರು ಹೆಲ್ಮೆಟ್ಟಿನ ಸಂದಿಯಿಂದ ನೀರು ಹೊಯ್ದರು. ನಾನು ಯಾರೆಂದು ಹೇಳಲು ಬಾಯಿ ತೆರೆದರೆ, ಗಾಬರಿಗೆ ಅಲ್ಲಿಯೂ ಇಂಗ್ಲಿಷೇ ಬಂತು. "ಐ ಯಾಮ್ ಟೀಚರ್" ಎಂದೆ. "ಏನಂತಾನ?" "ಟೀಚರ್ ಅಂತ. ಅವರ ದೇಶದಾಗ ಟೀಚರ್ ಇರಬೇಕು."

ಸಬಿಹಾ ಬಂದು ಹೆಲ್ಮೆಟ್ ತೆಗೆದಳು. "ಅಯ್ಯ, ಇವ್ರು ನಮ್ಮ ಕನ್ನಡ ಸರ್ ಅದಾರ" ಎಂದಳು. ಅಂಗಾಲು ತಿಕ್ಕುತ್ತಿದ್ದ ಕೈ ನಿಂತಿತು. ಆಮೇಲೆ ಅವಳೇ ಹೋಗಿ ಕಟ್ಟಿಗೆಯಿಂದ ಆ ಡಬ್ಬಿಯನ್ನು ಮಗುಚಿ, ಮೇಲಿನ ಚೀಟಿ ಓದಿದಳು. ಗಾಳಿ, ಸೆಕೆ ಅಳೆಯಲು ಬಲೂನಿಗೆ ಕಟ್ಟಿ ಬಿಡುವ ಹವಾಮಾನದ ಡಬ್ಬಿಯಂತೆ. ಅಪಾಯವಿಲ್ಲವಂತೆ. ಮನುಷ್ಯನ ಸುದ್ದಿಯೇ ಇಲ್ಲ.

ತುಳಿತಕ್ಕೆ ಮಲಗಿದ್ದ ಭತ್ತದ ಕಡೆ ನೋಡಿದ ನಾನು, ಮಹಬೂಬ ಸಾಬರ ಮುಖ ನೋಡಲಾರದೆ ತಲೆ ತಗ್ಗಿಸಿದೆ. "ನನ್ನಿಂದ ಹಿಂಗಾತ್ರಿ" ಎಂದೆ. ಅವರು ನೆಲಕ್ಕೆ ಬಿದ್ದ ತೆನೆಯೊಂದನ್ನು ಎತ್ತಿ ಕೊಡವಿ, "ಯಾರೂ ಬಿದ್ದಿಲ್ಲಂತ ಗೊತ್ತಾತಲ್ರಿ, ರಾತ್ರಿ ನಿದ್ದಿ ಬರ್ತೈತಿ. ಇಷ್ಟರ ಮ್ಯಾಲ ಉಳಿದದ್ದು ಕೊಯ್ದ್ರಾತು" ಎಂದರು. ಮುಂದಿನ ಭಾನುವಾರ ಕುಡುಗೋಲು ಹಿಡಿದು ಹೋದೆ. ಮಲಗಿದ ಭತ್ತಕ್ಕೆ ಮಷೀನು ಹಾಕಿದರೆ ಅರ್ಧ ಅಲ್ಲೇ ಉಳಿಯುತ್ತದೆಂದು ಅಷ್ಟನ್ನು ಕೈಯಲ್ಲೇ ಕೊಯ್ಯುತ್ತಿದ್ದರು. ನಾನು ಕೊಯ್ದದ್ದಕ್ಕಿಂತ ಕೈ ಕೊಯ್ದುಕೊಂಡದ್ದೇ ಹೆಚ್ಚು.

ಎಲ್ಲರಿಗೂ ವಿಷಯ ತಿಳಿಯಿತು, ದುರುಗಮ್ಮನನ್ನು ಬಿಟ್ಟು. ತನ್ನ ಕೈಯಾರೆ ಎತ್ತಿದ ಮನುಷ್ಯನನ್ನು ಇಲ್ಲವೆಂದು ಆಕೆ ಹೇಗೆ ನಂಬಬೇಕು? ಮೊನ್ನೆ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು, ಜೊತೆಗಿದ್ದವರಿಗೆಲ್ಲ ತೋರಿಸಿ, "ಇವ್ರs ನೋಡ್ರಿ ಮ್ಯಾಲಿಂದ ಬಿದ್ದವ್ರು. ಈಗ ಆರಾಮ ಅದೀರೇನ್ರಿ?" ಎಂದಳು. ಹತ್ತಾರು ಜನ ಗೌರವದಿಂದ ನನ್ನ ಕಡೆ ತಿರುಗಿದರು. ನಿಜ ಹೇಳೋಣವೆಂದುಕೊಂಡೆ. ಆದರೆ ಎಲ್ಲಿಂದ ಶುರು ಮಾಡಬೇಕೆಂಬುದೇ ತಿಳಿಯದೆ, "ಹ್ಞೂನವ್ವ, ಸೊಂಟ ಒಂದೀಟು ಹಿಡದೈತಿ" ಎಂದೆ.