ಸ್ವಲ್ಪ ಹೊತ್ತು ನೀರಿರಲ್ಲ

ದೇಶ ಬಿಟ್ಟು ಬಂದ ನಮಗೆ ಮೊಂಟೆವಿಡಿಯೊದಲ್ಲಿ ಮನೆ ಸಿಕ್ಕ ದಿನವೇ ನಾನೊಂದು ಶಪಥ ಮಾಡಿದೆ: ನಮ್ಮ ಉಸಿರಾಟದ ಸದ್ದೂ ಕೆಳಮನೆಗೆ ಕೇಳಿಸಕೂಡದು! ಕೇಳಿಸಿದರೆ ನನ್ನ ಹೆಸರು ನೆರಿಯೊ ಅಲ್ಲ!

ಈ ಭೀಷಣ ಶಪಥಕ್ಕೆ ಕಾರಣ ಕೆಳಗೆ ವಾಸವಿದ್ದ ಮನೆಯೊಡತಿ ದೋನ್ಯ ಒಫೆಲಿಯಾ. ಮಗು ಇದೆ ಎಂದ ಕೂಡಲೇ ಊರೆಲ್ಲ ಬಾಗಿಲು ಹಾಕಿಕೊಂಡಾಗ ಈ ಮುದುಕಿಯೊಬ್ಬಳೇ ಅರ್ಧ ಬಾಗಿಲು ತೆರೆದಿದ್ದಳು. "ಮೇಲಿಂದ ಸದ್ದು ಬಂತೋ, ಅವತ್ತೇ ಗಂಟುಮೂಟೆ ಕಟ್ಟಬೇಕು. ತಿಳೀತಾ?" ಎಂದಿದ್ದಳು. ಈ ಮನೆಯೂ ತಪ್ಪಿದರೆ ಕೊರೆಯುವ ಚಳಿಯಲ್ಲಿ ನಮಗೆ ಬೀದಿಯೇ ಗತಿ.

ಸರಿ, ಮನೆಯಲ್ಲಿ ಮೌನವ್ರತ ಜಾರಿಗೆ ಬಂತು. ಬೆಕ್ಕಿನ ಹೆಜ್ಜೆ ಇಟ್ಟೆವು. ದಿಂಬಿಗೆ ಮುಖ ಒತ್ತಿ ಸೀನಿದೆವು. ನಮ್ಮೂರು ಮರಕೈಬೊದಲ್ಲಿ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ ಪುಟ್ಟ ಮಗಳು ನೈಲೆತ್ ಪಿಸುಮಾತು ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ಪಾರ್ಕಿನ ಜಾರುಬಂಡೆಯ ಮೇಲೂ ಸದ್ದಿಲ್ಲದೆ ನಗುತ್ತಿದ್ದಳು. ನನಗೋ ಹೆಮ್ಮೆ. ಹೆಂಡತಿ ಯಾಸ್ಮೆಲಿಗೆ ಸಂಕಟ.

"ಮಗು ಮುದುರಿಹೋಗಿದೆ ಕಣ್ರೀ. ನಂಗೆ ಭಯ ಆಗ್ತಿದೆ."

"ಶ್...!"

"ನೋಡಿ, ಈಗ ನನ್ನ ಬಾಯಿಗೂ ಬೀಗ!"

ಹೊಸ ಸಂಸಾರಕ್ಕೆ ನಾನು ತಂದ ಮೊದಲ ಸಾಮಾನು ದೊಡ್ಡದೊಂದು ನೀಲಿ ಡ್ರಮ್ಮು.

"ಮಲಗೋಕೆ ಹಾಸಿಗೆ ಇಲ್ಲ, ಡ್ರಮ್ ತಂದಿದೀರಾ?"

"ಹಾಸಿಗೆ ಇಲ್ದೆ ಮಲಗಬಹುದು. ನೀರಿಲ್ದೆ ಬದುಕ್ತೀಯಾ?"

"ಇಲ್ಲಿ ಹಗಲೂ ರಾತ್ರಿ ನೀರು ಬರುತ್ತೆ!"

"ಮೊದಮೊದಲು ಎಲ್ಲಾ ಊರಲ್ಲೂ ಹಾಗೇ ಹೇಳ್ತಾರೆ ಬಿಡೇ."

ನಮ್ಮೂರಲ್ಲಿ ನೀರು ಬರುವುದೆಂದರೆ ಹಬ್ಬ. ಖಾಲಿ ನಲ್ಲಿಗಳನ್ನು ತೆರೆದೇ ಇಟ್ಟಿರುತ್ತೇವೆ. ಬುಸ್ ಎಂದಿತೋ, ಮೊದಲು ಕೇಳಿಸಿಕೊಂಡವರು ಬೀದಿಗೆ ಓಡಿ "ನೀರು ಬಂತೂ!" ಎಂದು ಕೂಗಬೇಕು. ನಮ್ಮ ಬೀದಿಯಲ್ಲಿ ಆ ಕೂಗಿನ ಪಟ್ಟ ನೈಲೆತ್‌ಳದಾಗಿತ್ತು.

ಒಂದು ಬೆಳಿಗ್ಗೆ ದೋನ್ಯ ಒಫೆಲಿಯಾ ಮೆಟ್ಟಿಲ ಬಳಿ ಸಿಕ್ಕಳು. "ಇವತ್ತು ಟ್ಯಾಂಕ್ ತೊಳೀತಾರೆ. ಸ್ವಲ್ಪ ಹೊತ್ತು ನೀರಿರಲ್ಲ" ಎಂದಳು.

ಸ್ವಲ್ಪ ಹೊತ್ತು! ನಾನು ಒಳಗೊಳಗೇ ನಕ್ಕೆ. ಇದೇ ಮಾತು ನಂಬಿ ನನ್ನಮ್ಮ ವಾರಗಟ್ಟಲೆ ಕಾದಿದ್ದಾಳೆ. ಅನುಭವಸ್ಥನ ಗತ್ತಿನಲ್ಲಿ ಅಡುಗೆಮನೆಯ ನಲ್ಲಿಗೆ ಪೈಪು ಸಿಕ್ಕಿಸಿ, ತುದಿಯನ್ನು ಡ್ರಮ್ಮಿಗೆ ಇಳಿಬಿಟ್ಟು, ಆಗಲೇ ಒಣಗಿದ್ದ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟೆ. "ಈ ವಾರವಂತೂ ನೀರು ಬರಲ್ಲ, ನಡೀರಿ!" ಎಂದು ಸಂಸಾರ ಸಮೇತ ಸಂತೆಗೆ ಹೊರಟೆ.

ಜೋಳದ ಹಿಟ್ಟಿನ ಪೊಟ್ಟಣ ಕಂಕುಳಲ್ಲಿ ಅವುಚಿಕೊಂಡು ಮರಳಿದಾಗ ಮೆಟ್ಟಿಲುಗಳ ಮೇಲೆ ನೀರು ಜುಳುಜುಳು ಇಳಿದು ಬರುತ್ತಿತ್ತು. ಮೊದಲು ಕಂಡದ್ದು ನೈಲೆತ್‌ಗೆ. ಕಣ್ಣರಳಿಸಿದಳು. ಎದೆತುಂಬ ಉಸಿರೆಳೆದುಕೊಂಡಳು. ದೋನ್ಯ ಒಫೆಲಿಯಾಳ ಬಾಗಿಲ ಮುಂದೆಯೇ, ಕಟ್ಟಡ ಅದುರುವಂತೆ ಕೂಗಿದಳು:

"ನೀರು ಬಂತೂ! ಎಲ್ಲಾ ಬನ್ರೋ, ನೀರು ಬಂತೂ!"

ಎದ್ದೆವೋ ಬಿದ್ದೆವೋ ಎಂದು ಮೇಲಕ್ಕೆ ಓಡಿದೆವು. ಡ್ರಮ್ಮು ಉಕ್ಕಿ ಹರಿಯುತ್ತಿತ್ತು. ಯಾಸ್ಮೆಲಿ ನಲ್ಲಿ ನಿಲ್ಲಿಸಿ ಆ ನೀರಿನಲ್ಲೇ ಕುಸಿದು ಕೂತು ಅತ್ತಳು. "ಇಷ್ಟು ನೀರಲ್ಲಿ ನಿಮ್ಮಮ್ಮ ತಿಂಗಳು ದೂಡ್ತಿದ್ರಲ್ರೀ" ಎಂದಳು. ನಾನು ಇದ್ದೊಂದು ಕಂಬಳಿಯಲ್ಲಿ ನೆಲ ಒರೆಸತೊಡಗಿದೆ.

ಬಾಗಿಲಲ್ಲಿ ದೋನ್ಯ ಒಫೆಲಿಯಾ! ನರೆತ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿದ್ದ ಮಾಟೆ ಎಂಬ ಕಷಾಯದ ಸೋರೆಬುರುಡೆ ಅವಳ ಸೂರಿನಿಂದ ಸುರಿದ ನೀರಿಗೆ ತುಂಬಿ ತುಳುಕುತ್ತಿತ್ತು.

"ಕೂಗಿದ್ದು ಯಾರು?"

ಮುಗಿಯಿತು ಕಥೆ, ಎಂದುಕೊಂಡೆ. "ನಾನೇ!" ಎಂದುಬಿಟ್ಟೆ.

"ನೀನಾ? ಎಲ್ಲಿ, ಇನ್ನೊಂದ್ಸಲ ಕೂಗು."

ಮೀಸೆ ಹೊತ್ತ ನಾನು ಮೊಣಕಾಲೂರಿ, ಕೀರಲು ದನಿ ತೆಗೆದು "ನೀರು ಬಂ..." ಎನ್ನುವಷ್ಟರಲ್ಲಿ ದನಿ ಒಡೆದುಹೋಯಿತು.

"ಹಾಗಲ್ಲಪ್ಪಾ" ಎಂದು ಪಿಸುಗುಟ್ಟಿದ ನೈಲೆತ್, ಹೇಗೆಂದು ಕೂಗಿ ತೋರಿಸಿಯೇ ಬಿಟ್ಟಳು!

ಮುದುಕಿ ಮಗುವನ್ನೇ ದಿಟ್ಟಿಸಿದಳು.

"ಇವಳಿಗೆ ಮಾತೇ ಬರಲ್ಲ ಅಂದ್ಕೊಂಡು ದಿನಾ ಕೊರಗ್ತಿದ್ದೆನಲ್ಲೋ! ಮಗು ಇರಲಿ. ಅವಳಮ್ಮನೂ ಇರಲಿ. ನೀನು ನಲ್ಲಿ ಮುಟ್ಟಿದ ದಿನ ಮಾತ್ರ ಮನೆ ಬಿಡಬೇಕು!"

ಅಂದಿನಿಂದ ಒಂದು ಲೋಟ ನೀರಿಗೂ ನಾನು ಮಗಳ ಮುಂದೆ ಕೈಯೊಡ್ಡಬೇಕು. ಅವಳು ನಲ್ಲಿ ತಿರುಗಿಸುತ್ತಾಳೆ, ಪ್ರತಿ ಸಲವೂ ಕೂಗುತ್ತಾಳೆ.

ಮೊನ್ನೆ ಮರಕೈಬೊಗೆ ಫೋನ್ ಮಾಡಿ, ಇದನ್ನೆಲ್ಲ ಹೇಳಿ ಅಮ್ಮನನ್ನು ನಗಿಸೋಣ ಎಂದು ಕೂತೆ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನೈಲೆತ್ ನಲ್ಲಿ ತಿರುಗಿಸಿ, "ನೀರು ಬಂತೂ!" ಎಂದಳು.

ಆ ಕಡೆ ಫೋನು ದಡ್ಡನೆ ಬಿತ್ತು. ಬಕೆಟ್ಟು ಎಳೆದ ಸದ್ದು, ಅಮ್ಮ ಓಡಿದ ಸದ್ದು. ಬಹಳ ಹೊತ್ತಿನ ಮೇಲೆ ಏದುಸಿರು ಬಿಡುತ್ತ ಬಂದಳು.

"ಎಲ್ಲೋ ಬಂತು, ನೆರಿಯೊ? ಒಂದು ತೊಟ್ಟೂ ಇಲ್ವಲ್ಲೋ!"